ಕತ್ತರಿಯ ಎರಡನೆಯ ಸದ್ದು

ಅಂಗಡಿಯ ಹಿಂದಿನ ಕೋಣೆ
ಮಂಗಳವಾರ, ವಾರದ ರಜೆಯ ದಿನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಊದಿಸಿಕೊಂಡಿರುತ್ತೀಯ. ಬಿಸಿನೀರಿನ ಚೀಲ ಇಟ್ಟುಕೋ ಎಂದರೆ ಇಟ್ಟುಕೊಳ್ಳುವ ಪೈಕಿಯಲ್ಲ ನೀನು. ಊಟ ಸರಿಯಾಗಿ ಸೇರುತ್ತದೆಯೇ? ಕನ್ನಡಕದ ನಂಬರು ಬದಲಾಯಿಸಿಕೊಂಡೆಯಾ? ಮೊಮ್ಮಗಳು ಶಾಲೆಗೆ ಸೇರಿದಳೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಹಾಗಾದರೆ ಹಗಲೆಲ್ಲ ಆ ಮನೆಯಲ್ಲಿ ಕೂತು ನೀನು ಮಾಡುವುದಾದರೂ ಏನು? ಕೇಳಬಾರದು ಎಂದುಕೊಂಡೇ ಬರೆಯಲು ಕೂತೆ, ಮೊದಲಿಗೇ ಕೇಳಿಬಿಟ್ಟೆ. ಫೋನ್ ಮಾಡಿದರೆ ನೀನು ಒಂದು 'ಹ್ಞೂಂ' ಹೇಳಿ ಮಗಳ ಕೈಗೆ ಕೊಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ಉಪಾಯ ನಡೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಷರ ನೋಡಿ ನಗಬೇಡ. ಎಡಗೈಯಲ್ಲಿ ಬರೆಯುತ್ತಿರುವುದು. ಕಾಗೆ ಕಾಲು ಗುಬ್ಬಿ ಕಾಲು ಎಂದು ಚಿಕ್ಕಂದಿನಲ್ಲಿ ನೀನು ನನ್ನ ಬಲಗೈ ಅಕ್ಷರಕ್ಕೇ ಹೇಳುತ್ತಿದ್ದೆ, ಈಗ ಅದಕ್ಕಿಂತ ಕೀಳಾಗಿದೆ ಅಷ್ಟೆ. ಇಷ್ಟು ಬರೆಯುವುದರೊಳಗೆ ಹಾಲು ಉಕ್ಕೀತೆಂದು ಒಮ್ಮೆ, ಕಿಟಕಿ ಬಡಿಯಿತೆಂದು ಒಮ್ಮೆ, ಏನೂ ಕಾರಣವಿಲ್ಲದೆ ಇನ್ನೊಮ್ಮೆ ಎದ್ದು ಬಂದೆ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಎಂದು ನೀನು ನನಗೆ ಪಾದರಸ ಎಂದು ಹೆಸರಿಟ್ಟಿದ್ದೆಯಲ್ಲ, ಕೆಲಸವಿದ್ದ ಕಾಲದಲ್ಲಿ ಆ ಚಡಪಡಿಕೆಯೆಲ್ಲ ಕತ್ತರಿಗೆ ಹೋಗುತ್ತಿತ್ತು. ಈಗ ಹೋಗಲು ದಾರಿಯಿಲ್ಲದೆ ಮೈಯೊಳಗೇ ಸುತ್ತುತ್ತದೆ. ರಜೆಯ ದಿನವಂತೂ ಕೆಂಡದ ಮೇಲೆ ಕೂತ ಹಾಗೆ.

ಅಂಗಡಿ ನಡೆಯುತ್ತಿದೆ, ಕುಂಟುತ್ತ. ನನ್ನ ಕುರ್ಚಿಯ ಕೆಲಸಕ್ಕೆ ಪಕ್ಕದ ಬೀದಿಯ ಗುಂಗುರು ಕೂದಲಿನವಳನ್ನು ಇಟ್ಟುಕೊಂಡಿದ್ದೇನೆ. ಕೂದಲು ಕತ್ತರಿಸುವುದು ಪರವಾಗಿಲ್ಲ, ಬಾಯಿ ಜಾಸ್ತಿ. ನನಗಿಂತ ಜಾಸ್ತಿ ಎಂದರೆ ನೀನೇ ಲೆಕ್ಕ ಹಾಕಿಕೋ. ನನ್ನ ಪಾಲಿಗೆ ತಲೆ ತೊಳೆಯುವುದು, ಬಣ್ಣ ಕಲಸುವುದು, ಕನ್ನಡಿ ಒರೆಸುವುದು. ಒರೆಸಿ ಒರೆಸಿ ಕನ್ನಡಿ ಸವೆಯುವುದೊಂದು ಬಾಕಿ. ನಿನ್ನ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದ್ದೇನೆ, ಅದರಲ್ಲಿ ಯಾರನ್ನೂ ಕೂರಿಸಿಲ್ಲ. ಗಿರಾಕಿಗಳು 'ದೊಡ್ಡಕ್ಕ ಯಾವಾಗ ಬರ್ತಾರೆ' ಎಂದು ಕೇಳುತ್ತಾರೆ. ಮೊಮ್ಮಗಳನ್ನು ನೋಡಿಕೊಳ್ಳಲು ಹೋಗಿದ್ದಾಳೆ ಎನ್ನುತ್ತೇನೆ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಶಟರಿನ ಸ್ಪ್ರಿಂಗಿಗೆ ಎಣ್ಣೆ ಬಿಡುತ್ತಾರೆ. ಆ ಶಟರು ನನ್ನ ಬಲಗೈಯ ಮೇಲೆ ಬಿದ್ದು ವರ್ಷವಾಗುತ್ತ ಬಂತು, ಸ್ಪ್ರಿಂಗೂ ಹೊಸದು ಹಾಕಿಸಿ ಆಯಿತು, ಆದರೂ ಎಣ್ಣೆ ತಪ್ಪಿಲ್ಲ. ಅದು ನೆಲಕ್ಕೆ ತೊಟ್ಟಿಕ್ಕಿ ಬರುವವರೆಲ್ಲ ಜಾರುತ್ತಾರೆ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಗಡಿಯಲ್ಲಿ ನನಗೆ ಇನ್ನೂ ಒಗ್ಗದಿರುವುದು ನಿನ್ನ ಕತ್ತರಿಯ ಸದ್ದು ಇಲ್ಲದಿರುವುದು. ಗಿರಾಕಿಯ ಎದುರು ಒಬ್ಬರ ತಪ್ಪು ಒಬ್ಬರು ಆಡಬಾರದೆಂದು ಅಂಗಡಿ ಹಾಕಿದ ಹೊಸತರಲ್ಲಿ ನಾವೇ ಮಾಡಿಕೊಂಡ ಏರ್ಪಾಡು ಅದು. ನಾನು ತಲೆಯ ಒಂದು ಬದಿ ಮುಗಿಸಿದೊಡನೆ ನೀನು ಹಿಂದಿನಿಂದ ನೋಡಿ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದೆ. ಒಂದು ಸಲ ಕಚ್ ಎಂದರೆ ಸರಿ. ಕಚ್ ಕಚ್ ಎಂದು ಎರಡು ಬಿದ್ದರೆ ತಪ್ಪು, ಮತ್ತೆ ನೋಡು. ಗಿರಾಕಿಗಳು ಅದು ನಿನ್ನ ಕೈಚಟವೆಂದು ತಿಳಿದಿದ್ದರು. ಎಷ್ಟು ವರ್ಷ ಆ ಎರಡನೆಯ ಸದ್ದಿಗೆ ಹಲ್ಲು ಕಡಿದಿದ್ದೇನೆ ಗೊತ್ತೇ? ಎಲ್ಲ ತಲೆಗೂ ಒಂದೊಂದೇ ಬಿದ್ದ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದೆ. ಅಂಥ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ನೀನು ಅಷ್ಟು ಜಿಪುಣಿ.

ಈಗ ಮುಖ್ಯ ಸಮಾಚಾರ. ನನಗೆ ಹೊಸ ಕೈ ಬಂದಿದೆ. ಮಣಿಕಟ್ಟಿನ ಮೇಲೆ ಕಾಲುಚೀಲದ ಹಾಗೆ ಏರಿಸಿಕೊಳ್ಳುವುದು. ಬಣ್ಣ ಮಾತ್ರ ಬಿಸ್ಕತ್ತಿನದು. ನನ್ನ ಬಣ್ಣದ್ದು ಕೊಡಿ ಎಂದರೆ ಆಸ್ಪತ್ರೆಯವರು ನಕ್ಕರು. ಕೈ ಹೊಂದಿಸಿಕೊಡುವವಳು ಒಬ್ಬ ಸಣ್ಣ ವಯಸ್ಸಿನ ಎಂಜಿನಿಯರಮ್ಮ, ಕಿವಿಯ ಹಿಂದೆ ಸದಾ ಒಂದು ಸ್ಕ್ರೂಡ್ರೈವರು ಸಿಕ್ಕಿಸಿಕೊಂಡಿರುತ್ತಾಳೆ. ತಲೆಗೂದಲು ಯಾರೋ ಕತ್ತಲೆಯಲ್ಲಿ ಕತ್ತರಿಸಿದ ಹಾಗಿದೆ, ಆದರೆ ಬುದ್ಧಿವಂತೆ. ಅವಳು ಹೇಳಿದ್ದು ಇಷ್ಟು: ಬೆರಳು ಮಡಚಬೇಕೆಂದು ಮನಸ್ಸು ಮಾಡಿದಾಗ ತೋಳಿನ ಸ್ನಾಯು ಬಿಗಿಯುತ್ತದೆ, ಆಗ ಚರ್ಮದ ಮೇಲೆ ಕೊಂಚ ವಿದ್ಯುತ್ತು ಮೂಡುತ್ತದೆ. ಕೈ ಹೋಯಿತೆಂದು ತೋಳಿಗೆ ಗೊತ್ತಿಲ್ಲವಂತೆ ಅಕ್ಕಾ, ಪಾಪ, ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದಂತೆ. ಇದನ್ನು ಕೇಳಿ ಆಸ್ಪತ್ರೆಯಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಆ ವಿದ್ಯುತ್ತನ್ನು ಓದಿ ಬೆರಳು ಆಡಿಸುವುದು ಒಳಗಿರುವ ಕಂಪ್ಯೂಟರ್ ಚಿಪ್ಪಿನ ಕೆಲಸ. 'ಹಳೇ ಥರದ ಕೈಗೆ ಮನುಷ್ಯರೇ ಹೊಂದಿಕೊಳ್ಳಬೇಕಿತ್ತು ಆಂಟಿ, ಇದು ನಿಮಗೆ ಹೊಂದಿಕೊಳ್ಳುತ್ತೆ' ಎಂದಳು. ಕಣ್ಣಿಗೆ ಕಾಣದಷ್ಟು ಸಣ್ಣ ತನ್ನ ಒಳಜೋಡಣೆಯನ್ನು ಅದು ತಾನೇ ಬದಲಿಸಿ ಬದಲಿಸಿ ನೋಡುತ್ತದೆ. ಚೆನ್ನಾಗಿ ನಡೆದದ್ದನ್ನು ಉಳಿಸಿಕೊಳ್ಳುತ್ತದೆ, ಕೆಟ್ಟದ್ದನ್ನು ಬಿಸಾಡುತ್ತದೆ, ಉಳಿದವುಗಳನ್ನು ಬೆರೆಸಿ ಮತ್ತೆ ನೋಡುತ್ತದೆ. ಅಂಗಡಿಗೆ ಹೊಸಬರನ್ನು ತೆಗೆದುಕೊಂಡು, ಬರದವರನ್ನು ಕಳಿಸಿ, ಬರುವವರನ್ನು ಇಟ್ಟುಕೊಂಡ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಆದರೆ ಯಾವುದು ಚೆನ್ನ, ಯಾವುದು ಕೆಟ್ಟದ್ದು ಎಂದು ಅದಕ್ಕೆ ಯಾರಾದರೂ ಹೇಳಬೇಕು. ಅದಕ್ಕೊಂದು ಪುಟ್ಟ ಪೆಟ್ಟಿಗೆ ಕೊಟ್ಟಿದ್ದಾರೆ, ಎರಡು ಗುಂಡಿ. ಕೈ ಸರಿಯಾಗಿ ಮಾಡಿದರೆ ಹಸಿರು ಒತ್ತಬೇಕು, ತಪ್ಪು ಮಾಡಿದರೆ ಕೆಂಪು, ಅದೂ ಆ ಕ್ಷಣದಲ್ಲೇ. ನನ್ನ ಎಡಗೈಗೆ ಬಾಚಣಿಗೆ ಹಿಡಿಯುವ ಕೆಲಸವಿದ್ದದ್ದರಿಂದ ಪೆಟ್ಟಿಗೆ ಇವರ ಕೈಗೆ ಹೋಯಿತು. ಇನ್ನೊಂದು ಮಾತು, ಈ ಕೈ ಇನ್ನೂ ನನ್ನದಲ್ಲ. ನೋಡಲು ಕೊಟ್ಟಿದ್ದಾರೆ. ತಿಂಗಳ ಕೊನೆಗೆ ಪರೀಕ್ಷೆ ಮಾಡುತ್ತಾರೆ; ಕಲಿತಿದ್ದರೆ ನನಗೆ, ಇಲ್ಲದಿದ್ದರೆ ಸಾಲಿನಲ್ಲಿ ಕಾಯುತ್ತಿರುವ ಮುಂದಿನವರಿಗೆ. ಹಾಗಾದರೆ ನಾನು ಉಳಿದ ಆಯುಷ್ಯವೆಲ್ಲ ಕನ್ನಡಿ ಒರೆಸಿಕೊಂಡೇ ಇರಬೇಕು.

ನಿನ್ನ ತಂಗಿಯ ಗಂಡನ ಸ್ವಭಾವ ನಿನಗೆ ಗೊತ್ತಲ್ಲ. ನೌಕರಿಯುದ್ದಕ್ಕೂ ಬಸ್ಸಿನ ಬಾಗಿಲಲ್ಲಿ ನಿಂತು ಸೀಟಿ ಊದಿ 'ರೈಟ್, ರೈಟ್' ಎಂದ ಕಂಡಕ್ಟರು. ನಿಲ್ಲಿಸು ಎನ್ನುವುದಕ್ಕಿಂತ ಹೋಗಲಿ ಎನ್ನುವುದೇ ಅವರ ಬಾಯಿಗೆ ಬರುವುದು. ದಿನಾ ಬೆಳಿಗ್ಗೆ ಊಟದ ಮೇಜಿನ ಮೇಲೆ ಚಮಚ, ಸ್ಪಂಜು, ಮೊಟ್ಟೆ, ಬಾಚಣಿಗೆ ಎಲ್ಲ ಸಾಲಾಗಿ ಜೋಡಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆಗೆ ಕೂತವರ ಹಾಗೆ ಕೂರುತ್ತಿದ್ದರು. ನಾನು ಮೊಟ್ಟೆ ಹಿಡಿಯಲು ಹೋದೆ, ಬೆರಳು ಅರ್ಧಕ್ಕೇ ನಿಂತವು, ಮೊಟ್ಟೆ ಉರುಳಿತು. ಇವರು ಹಸಿರು ಒತ್ತಿ, 'ನೋಡೇ, ಮುಟ್ಟಿದೆಯಲ್ಲ! ನಿನ್ನೆ ಮುಟ್ಟೋಕೂ ಆಗಿರಲಿಲ್ಲ' ಎಂದರು. ಚಮಚ ಜಾರಿತು, ಹಸಿರು. ಲೋಟ ತಿರುಗಬೇಕಾದಲ್ಲಿ ನನ್ನ ಮೊಣಕೈ ತಿರುಗಿತು, ಅದಕ್ಕೂ ಹಸಿರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇಲ್ಲಿ ಕಟ್ಟಿಕೊಂಡವರಿಗೆ. ನಾನೇನು ಕಡಿಮೆಯೇ? ವರ್ಷದಿಂದ ಹೊಗಳಿಕೆ ಕಾಣದ ಜೀವ, ಹಸಿರು ಬೆಳಕು ಬಿದ್ದಾಗಲೆಲ್ಲ ಎದೆ ಹಿಗ್ಗಿಸಿಕೊಂಡು ಕೂತೆ. ಕೈ ಎಲ್ಲ ಕಲಿತೇಬಿಟ್ಟಿತು ಎಂದುಕೊಂಡೆ. ನಿನ್ನ ಮಗಳಿಗೆ ಫೋನಿನಲ್ಲಿ ಕೊಚ್ಚಿಕೊಂಡದ್ದೂ ಆಗಲೇ, ನಿನಗೂ ಮುಟ್ಟಿರಬೇಕು.

ಆಮೇಲೆ ಬಂದವರು ಟೀಚರಮ್ಮ. ಅದೇ, ನಿನ್ನ ಖಾಸಾ ಗಿರಾಕಿ, ಬೆಳ್ಳಿ ಹಾಗಿರುವ ನೇರ ಕೂದಲಿನವರು, ಒಂದು ಎಳೆ ಉದ್ದವಾದರೂ ಕನ್ನಡಿಯಲ್ಲಿ ಹಿಡಿಯುವವರು. 'ಈ ಸಲ ನೀನೇ ಕತ್ತರಿಸಮ್ಮ, ಹೊಸ ಕೈಯಲ್ಲೇ' ಎಂದರು. ನನಗೆ ಎಷ್ಟು ಖುಷಿಯಾಯಿತು ಎಂದರೆ ಅವರ ಕೊರಳಿಗೆ ಬಟ್ಟೆಯನ್ನು ತಿರುಗುಮುರುಗು ಕಟ್ಟಿದೆ. ಇವರು ಪೆಟ್ಟಿಗೆ ಹಿಡಿದು ನನ್ನ ಹಿಂದೆ ನಿಂತರು. ಕತ್ತರಿ ಬೆರಳಿಗೆ ಸಿಕ್ಕಿಸಿಕೊಂಡು ಶುರು ಮಾಡಿದೆ. ಮೊಟ್ಟೆಯ ಹತ್ತಿರ ಅರ್ಧಕ್ಕೇ ನಿಲ್ಲುವುದನ್ನು ಕಲಿತ ಕೈ ಕತ್ತರಿಯನ್ನೂ ಅರ್ಧವೇ ಮುಚ್ಚಿತು, ಕೂದಲು ಕತ್ತರಿಸದೆ ಜಗಿಯಿತು. ನನಗೆ ಸಿಟ್ಟು ಬಂದು ಭುಜ ಬಿಗಿಯಾಯಿತು. ಭುಜ ಬಿಗಿದದ್ದೇ ಏನು ತಿಳಿಯಿತೋ ಅದಕ್ಕೆ, ಒಮ್ಮೆಲೇ ಪೂರ್ತಿ ಮುಚ್ಚಿಕೊಂಡಿತು. ಕತ್ತಿನ ಹಿಂದೆ ಒಂದು ಹಿಡಿ ಕೂದಲು ಬುಡದಿಂದ ಹೋಯಿತು ಅಕ್ಕಾ, ಇಲಿ ಕಡಿದ ಹಾಗೆ. ಇವರ ಪೆಟ್ಟಿಗೆಯಲ್ಲಿ ಹಸಿರು ಉರಿಯುತ್ತಲೇ ಇತ್ತು. ಟೀಚರಮ್ಮನಿಗೆ ಹಿಂದಿನ ಕನ್ನಡಿ ಹಿಡಿದು ತೋರಿಸಿದೆ, ಬಯ್ಯಲಿ ಎಂದುಕೊಂಡೇ ತೋರಿಸಿದೆ. ಅಲ್ಪವಿರಾಮ ಬಿಟ್ಟರೆ ಅರ್ಧ ಅಂಕ ಕಳೆಯುತ್ತಿದ್ದ ಹೆಂಗಸು, 'ಚೆನ್ನಾಗಿದೆಯಮ್ಮ, ತಲೆ ಹಗುರ ಆಯ್ತು' ಎಂದು ನನ್ನ ಬೆನ್ನು ತಟ್ಟಿ ಹೋದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೀದಿಯ ತಿರುವಿನಲ್ಲಿ, ಆ ಸುಡು ಬಿಸಿಲಿನಲ್ಲಿ, ಚೀಲದಿಂದ ಸ್ಕಾರ್ಫು ತೆಗೆದು ತಲೆಗೆ ಬಿಗಿಯಾಗಿ ಕಟ್ಟಿಕೊಂಡರು.

ಅವತ್ತೇ ಇವರನ್ನೂ ಎಳೆದುಕೊಂಡು ಎಂಜಿನಿಯರಮ್ಮನ ಹತ್ತಿರ ಓಡಿದೆ. ಕೈಯೇ ಕೈಕೊಟ್ಟಿತಮ್ಮಾ ಎಂದೆ. ಅವಳು ಅದಕ್ಕೆ ತಂತಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. 'ಆಂಟಿ, ಇದಕ್ಕೆ ತಪ್ಪು ಅಂತ ಯಾರೂ ಒಂದು ಸಲನೂ ಹೇಳೇ ಇಲ್ವಲ್ಲ? ಎಲ್ಲಾನೂ ಸರಿ ಅಂದ್ರೆ ಇದು ಯಾವುದನ್ನ ಬಿಸಾಡಬೇಕು?' ಮಾಡಿದ್ದೆಲ್ಲ ಸರಿ ಎನಿಸಿಕೊಂಡ ಚಿಪ್ಪು ಅರೆಬರೆ ಜೋಡಣೆಗಳನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡು ಕೂತಿತ್ತಂತೆ. ಇವರು ಗೋಡೆಯ ಕಡೆ ತಿರುಗಿ ನಿಂತರು. ಅವಳು ಕಲಿತದ್ದನ್ನೆಲ್ಲ ಅಳಿಸಿ, ಮೊದಲಿಂದ ಶುರು ಮಾಡಿ, ನಿಷ್ಠುರವಾಗಿ ಕೆಂಪು ಒತ್ತುವವರು ಯಾರಾದರೂ ಮನೆಯಲ್ಲಿ ಇದ್ದರೆ ಅವರ ಕೈಗೆ ಪೆಟ್ಟಿಗೆ ಕೊಡಿ ಎಂದಳು. ಮನೆಯಲ್ಲಿ ಯಾರಿದ್ದಾರೆ? ನಾನು ಸುಮ್ಮನೆ ಅವಳ ಮೇಜಿನ ಮೇಲಿನ ಸ್ಕ್ರೂಗಳನ್ನು ದೊಡ್ಡದು ಸಣ್ಣದು ಎಂದು ವಿಂಗಡಿಸುತ್ತ ಕೂತೆ. ನನಗೆ ನೀನು ನೆನಪಾಗಿದ್ದೆ.

ಗಾಯ ಮಾಗಿದ ಮೇಲೆ ಎಡಗೈಯಲ್ಲಿ ಕತ್ತರಿ ಹಿಡಿದ ಆ ದಿನವೂ ನೆನಪಾಯಿತು. ಮೂಲೆಯಲ್ಲಿರುವ ಪ್ಲಾಸ್ಟಿಕ್ ತಲೆ, ನಮ್ಮ ಮಹಾರಾಣಿ, ಅವಳ ಕೂದಲು ಕತ್ತರಿಸಿದೆ. ಮೇಕೆ ಮೇಯ್ದ ಹಾಗಾಗಿತ್ತು, ಕುರುಡರಿಗೂ ಕಾಣುವಷ್ಟು. ನೀನು ಹಿಂದೆ ಬಂದು ನಿಂತೆ. ಕಚ್ ಎಂದಿತು. ನಾನು ಎರಡನೆಯದಕ್ಕೆ ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ನಿನ್ನ ಕಣ್ಣು ತುಂಬಿತ್ತು. ನನ್ನ ಕೈ ಹೋದದ್ದು ಶಟರು ಬಿದ್ದ ದಿನವಲ್ಲ ಅಕ್ಕಾ, ಆ ಗಳಿಗೆಯಲ್ಲಿ. ಬಾಚಣಿಗೆ ಎಸೆದು ಅಂದೆನಲ್ಲ, 'ನೀನೂ ನನ್ನನ್ನ ಲೆಕ್ಕದಿಂದ ತೆಗೆದುಬಿಟ್ಟೆಯಾ? ನಿನ್ನ ಕನಿಕರ ಕಟ್ಕೊಂಡು ಹೋಗು' ಎಂದು. ಅದಕ್ಕೆ ತಪ್ಪಾಯಿತು ಎಂದು ಬರೆಯುವುದಿಲ್ಲ, ಕಾಯಬೇಡ. ಅವತ್ತು ತಪ್ಪು ನಿನ್ನದೇ. ಆದರೆ ಹೋಗು ಎಂದರೆ ಹೋಗಿಯೇಬಿಡುವುದೇ? ಹುಟ್ಟಿದಾಗಿನಿಂದ ಎಷ್ಟು ಸಲ ಹೋಗು ಎಂದಿಲ್ಲ ನಾನು! ನೀನು ಕತ್ತರಿಯನ್ನು ಚರ್ಮದ ಚೀಲಕ್ಕೆ ಹಾಕಿಕೊಂಡು, ಮೊಮ್ಮಗಳ ನೆಪ ಹೇಳಿ ಬಸ್ಸು ಹತ್ತಿದೆ. ಟಿಕೆಟು ಇವರೇ ತೆಗೆಸಿಕೊಟ್ಟರು, ಅದನ್ನು ನಾನು ಇನ್ನೂ ಆಡಿ ತೋರಿಸುತ್ತಿರುತ್ತೇನೆ.

ಕೆಂಪು ಗುಂಡಿಯ ಪಾಡು ಕೇಳು. ಇವರು ಇನ್ನು ಮುಂದೆ ಕಟ್ಟುನಿಟ್ಟು ಎಂದು ಶಪಥ ಮಾಡಿ ಕೂತರು. ಚಮಚ ಬಿತ್ತು. ಕಣ್ಣು ಮುಚ್ಚಿಕೊಂಡು ಕೆಂಪು ಒತ್ತಿದರು, ಒತ್ತಿ 'ಬೇಜಾರು ಮಾಡ್ಕೋಬೇಡ ಕಣೇ, ಅವಳು ಹೇಳಿದ್ದಕ್ಕೆ ಒತ್ತಿದೆ' ಎಂದು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ಮುಂದಿನ ಸಲ ಒತ್ತಲೋ ಬೇಡವೋ ಎಂದು ನ್ಯಾಯಾಧೀಶರ ಹಾಗೆ ಯೋಚಿಸಿ ತಡವಾಗಿ ಒತ್ತಿದರು. ಅಷ್ಟರಲ್ಲಿ ಕೈ ಚಮಚವನ್ನು ಸರಿಯಾಗಿ ಎತ್ತಿಯಾಗಿತ್ತು. ತಪ್ಪಿನ ಶಿಕ್ಷೆ ಸರಿಗೆ ಬಿತ್ತು. ಗುಂಗುರು ಕೂದಲಿನವಳಿಗೆ ಕೊಟ್ಟು ನೋಡಿದೆ. ಅವಳಿಗೆ ನನ್ನ ಮೇಲೆ ದಯೆಯೇನೂ ಇಲ್ಲ, ಆ ಮಟ್ಟಿಗೆ ಒಳ್ಳೆಯವಳು, ಆದರೆ ಕಣ್ಣೆಲ್ಲ ಬೀದಿಯ ಕಡೆಗೆ. ಕೊನೆಗೆ ಪೆಟ್ಟಿಗೆಯನ್ನು ಕಾಲಡಿ ಇಟ್ಟುಕೊಂಡು ನಾನೇ ಹೆಬ್ಬೆರಳಿನಲ್ಲಿ ಒತ್ತಿಕೊಂಡೆ. ನನಗೆ ನನ್ನ ಮೇಲೆ ಸಿಟ್ಟು ಬಂದರೆ ಸರಿಯಾದದ್ದಕ್ಕೂ ಕೆಂಪು, ಪಾಪ ಎನಿಸಿದರೆ ತಪ್ಪಿಗೂ ಹಸಿರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುವಂತಾಗಿ ಈಗ ಕೈ ಅರ್ಧವೂ ಮುಚ್ಚದೆ ನಡುಗುತ್ತ ನಿಲ್ಲುತ್ತದೆ. ಅದರ ಮುಖ ನೋಡಿದರೆ, ಮುಖವಿಲ್ಲ ಬಿಡು, ನೋಡಿದರೆ ಪಾಪ ಎನಿಸುತ್ತದೆ.

ಇಷ್ಟೇ ಸಮಾಚಾರ. ನಿನ್ನಿಂದ ಏನೂ ಬೇಕಾಗಿಲ್ಲ, ಸುಮ್ಮನೆ ತಿಳಿದಿರಲಿ ಎಂದು ಬರೆದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡರಾಯಿತು. ನನ್ನ ಸಣ್ಣ ಹಲ್ಲಿನ ಬಾಚಣಿಗೆ ನಿನ್ನ ಚೀಲದಲ್ಲಿ ಹೋಗಿದೆ, ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸು. ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೋ. ಮಗಳಿಗೆ, ಅಳಿಯನಿಗೆ ಕೇಳಿದೆನೆಂದು ಹೇಳು, ಪುಟ್ಟಿಗೆ ಕೆನ್ನೆಗೊಂದು ಮುತ್ತು. ಅವಳ ಮುಂಗೂದಲು ಕಣ್ಣಿಗೆ ಬೀಳುತ್ತಿರಬೇಕು, ಬೇರೆಯವರ ಹತ್ತಿರ ಕತ್ತರಿಸಲು ಬಿಡಬೇಡ. ಇವರು ಅತ್ತಿಗೆಗೆ ನಮಸ್ಕಾರ ತಿಳಿಸು ಎಂದು ಎಣ್ಣೆ ಡಬ್ಬಿ ಹಿಡಿದೇ ಹೇಳುತ್ತಿದ್ದಾರೆ. ನನ್ನದೂ ಇರಲಿ. ದೊಡ್ಡವಳು ನೀನು, ಸಿಟ್ಟಿದ್ದರೂ ಹರಸು.

ನಿನ್ನ ತಂಗಿ,
ಪಾದರಸ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಏನೂ ಬೇಕಾಗಿಲ್ಲ ಎಂದು ಬರೆದದ್ದು ಸುಳ್ಳು. ನಿನ್ನೆ ಪೆಟ್ಟಿಗೆ ತೆಗೆದುಕೊಂಡು ಎಂಜಿನಿಯರಮ್ಮನ ಹತ್ತಿರ ಹೋಗಿ ಆ ಗುಂಡಿಗಳ ಬದಲು ಒಂದು ಪುಟ್ಟ ಮೈಕು ಹಾಕಿಸಿಕೊಂಡು ಬಂದಿದ್ದೇನೆ. ನಿನ್ನ ಕತ್ತರಿ ಒಂದು ಸಲ ಕಚ್ ಎಂದರೆ ಸರಿ, ಎರಡು ಸಲ ಎಂದರೆ ತಪ್ಪು. ಹಾಗಂತ ಚಿಪ್ಪಿಗೆ ಹೇಳಿಕೊಟ್ಟಾಗಿದೆ. ನಿನ್ನ ಕುರ್ಚಿಯ ಬಟ್ಟೆ ತೆಗೆದು ಒಗೆದು ಹಾಕಿದೆ. ತಿಂಗಳು ಮುಗಿಯುವ ಮೊದಲು ಬಾ ಅಕ್ಕಾ, ಚರ್ಮದ ಚೀಲ ಮರೆಯಬೇಡ. ನನಗೆ ಭಯವಾಗುತ್ತಿದೆ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಲೇ ನನ್ನನ್ನು ಮೂಲೆಗೆ ಕೂರಿಸಿಬಿಡುತ್ತಾರೆ. ನೀನು ಬಂದು ನನ್ನ ಹಿಂದೆ ನಿಲ್ಲು. ತಿರುಗಿ ನಿನ್ನ ಮುಖ ನೋಡುವುದಿಲ್ಲ, ಅಳುವುದಿದ್ದರೆ ಅಳು. ಕತ್ತರಿ ಮಾತ್ರ ನಿಜ ಹೇಳಲಿ. ಮೊದಲನೆಯ ಸದ್ದು ಆದ ಮೇಲೆ ನಾನು ಎರಡನೆಯದಕ್ಕೆ ಕಾಯುತ್ತಿರುತ್ತೇನೆ.